ತಿನ್ನದ ಚಕ್ಕುಲಿ

ನಮ್ಮ ಮನೆಯ ಕರಿಯ ಹೆಸರಿಗೆ ಮಾತ್ರ ಕರಿಯ. ಮಳೆಗಾಲದ ನಾಲ್ಕು ತಿಂಗಳು ಬಚ್ಚಲ ಒಲೆಯ ಬೂದಿಯಲ್ಲೇ ಮಲಗಿ ಏಳುತ್ತಿದ್ದುದರಿಂದ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಬೂದಿಬಣ್ಣದ ನಾಯಿ. ಆಗೆಲ್ಲ ಸಾಗರದ ಕಡೆಯ ತೋಟದ ಮನೆಗಳಲ್ಲಿ ನಾಯಿಯನ್ನು ದುಡ್ಡು ಕೊಟ್ಟು ತರುವ ರೂಢಿ ಇರಲಿಲ್ಲ. ಪಕ್ಕದೂರಿನ ಯಾರದೋ ಕೊಟ್ಟಿಗೆಯಲ್ಲಿ ಮರಿ ಹಾಕಿದೆ ಎಂದು ಗೊತ್ತಾದರೆ, ಒಂದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದರಾಯಿತು. ಅಂಗಳ, ಕೊಟ್ಟಿಗೆ, ಜಗಲಿಯ ಮೆಟ್ಟಿಲು ಅದರ ರಾಜ್ಯ, ಹೊಸಿಲು ದಾಟುವಂತಿಲ್ಲ. ಎರಡು ಹೊತ್ತು ಮಜ್ಜಿಗೆ ಅನ್ನ. ಮೂಗಿಗೆ ಹೊಕ್ಕ ಉಂಬಳಕ್ಕೆ ಉಪ್ಪುನೀರು, ಕಿವಿಯ ಉಣ್ಣಿಗೆ ಸೀಮೆಎಣ್ಣೆ. ಉಣ್ಣಿ ಕೀಳುವುದು ಮಕ್ಕಳ ಕೆಲಸ, ಅಂದರೆ ನನ್ನದು.

ಮನೆಯಲ್ಲಿ ಹನ್ನೊಂದು ಜನ, ನಾನೇ ಎಲ್ಲರಿಗಿಂತ ಕಿರಿಯ. ನೀರು ತಾ, ಬಾಗಿಲು ಹಾಕು, ಎಲೆ ಕೊಯ್ದು ಬಾ ಎಂದು ಎಲ್ಲರೂ ನನಗೆ ಹೇಳುವವರೇ. ನಾನು ‘ಬಾ’ ಅಂದರೆ ಬರುವ, ‘ಹಚಾ’ ಅಂದರೆ ಹೋಗುವ ಜೀವ ಒಂದೇ ಒಂದಿತ್ತು. ನಾಯಿ ಮಕ್ಕಳಿಗೆ ಪ್ರೀತಿ ಕಲಿಸುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ನಾಯಿ ಮಗುವಿನ ಕೈಗೆ ಸ್ವಲ್ಪ ಅಧಿಕಾರ ಕೊಡುತ್ತದೆ. ಪ್ರೀತಿ ಎಂಥದು ಎನ್ನುವುದು ಗೊತ್ತಾಗುವುದು ಆ ಅಧಿಕಾರವನ್ನು ಏನು ಮಾಡಿದೆವು ಎನ್ನುವುದರ ಮೇಲೆ.

ನಾನು ಮಾಡಿದ್ದು ಹೀಗೆ. ಒಂಬತ್ತನೇ ವಯಸ್ಸು, ಚೌತಿ ಹಬ್ಬ. ನಮ್ಮ ಕಡೆ ಚೌತಿ ಎಂದರೆ ಚಕ್ಕುಲಿ. ಹಿಂದಿನ ದಿನ ಕರಿದದ್ದರಲ್ಲಿ ನೈವೇದ್ಯಕ್ಕೆಂದು ಬೇರೆ ತೆಗೆದಿಟ್ಟ ಹರಿವಾಣ ಒಳಜಗಲಿಯ ಮಣೆಯ ಮೇಲಿತ್ತು. ನೈವೇದ್ಯವಾಗುವ ಮೊದಲು ಮುಟ್ಟಬಾರದೆಂದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೈ ತುರಿಸಿತು. ಒಂದು ತಿಂದೆ. ಎರಡನೆಯದಕ್ಕೆ ಕೈ ಹಾಕುವಾಗ ಹರಿವಾಣ ಜಾರಿ ಬಿತ್ತು. ಆ ಸದ್ದಿಗೆ ಇಡೀ ಮನೆ ಬಂದು ನಿಂತಿತು. ಕರಿಯ ಅಂಗಳದಲ್ಲಿತ್ತು. ಏನಾಯಿತೆಂದು ಅದೂ ಕತ್ತೆತ್ತಿ ನೋಡುತ್ತಿತ್ತು. “ಕರಿಯ ಒಳಗೆ ಬಂದಿತ್ತು” ಎಂದೆ.

ದೊಡ್ಡಪ್ಪ ಕೈಗೆ ಸಿಕ್ಕಿದ ಅಡಕೆ ದಬ್ಬೆ ತೆಗೆದುಕೊಂಡು ಇಳಿದರು. ಕರಿಯ ಓಡಲಿಲ್ಲ. ಬಂದದ್ದು ಮನೆಯವರು, ಓಡುವುದು ಯಾಕೆ? ನಾಲ್ಕು ಪೆಟ್ಟು ಬಿದ್ದ ಮೇಲೆ ಅದಕ್ಕೆ ಅರ್ಥವಾಗಿ ಕೊಟ್ಟಿಗೆಯ ಹಿಂದೆ ನುಗ್ಗಿತು. ಸಂಜೆ ಹಿಂಗಾಲು ಎಳೆಯುತ್ತ ಬಂದು, ಮೆಟ್ಟಿಲ ಮೇಲೆ ಕೂತಿದ್ದ ನನ್ನ ತೊಡೆಗೆ ಮೂತಿ ಆನಿಸಿ ಮಲಗಿತು. ಉಣ್ಣಿ ಕೀಳಲಿ ಎಂದು ಕಿವಿಯನ್ನೂ ಕೊಟ್ಟಿತು. ಮನುಷ್ಯರಾದರೆ ಇದನ್ನು ಕ್ಷಮೆ ಎನ್ನಬಹುದು. ಕರಿಯನಿಗೆ ಕ್ಷಮಿಸುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಪೆಟ್ಟಿಗೂ ನನಗೂ ಇರುವ ಸಂಬಂಧ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.

ರಾತ್ರಿ ಅಜ್ಜಿ ನಾಯಿಗೆ ಅನ್ನ ಹಾಕಲು ಹೊರಟಾಗ ಬಟ್ಟಲಿನ ಮೇಲೆ ಎರಡು ಚಕ್ಕುಲಿ ಇದ್ದವು. ನಾನು ನೋಡುತ್ತಿರುವುದನ್ನು ಕಂಡು ಹೇಳಿದಳು: “ತಿನ್ನದ ಚಕ್ಕುಲಿಗೆ ಪೆಟ್ಟು ತಿಂತಲ್ಲ ತಮಾ, ಈಗಾದ್ರೂ ತಿನ್ಲಿ.” ಅಷ್ಟೇ. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ದೊಡ್ಡಪ್ಪ ನನಗೇ ನಾಲ್ಕು ಬಿಟ್ಟಿದ್ದರೆ ಮರುದಿನಕ್ಕೆ ಮರೆತುಹೋಗುತ್ತಿತ್ತೇನೋ.

ಎಷ್ಟೋ ವರ್ಷಗಳ ಮೇಲೆ ಮಹಾಭಾರತ ಓದುವಾಗ, ಆದಿಪರ್ವದ ಮೊದಮೊದಲ ಪುಟಗಳಲ್ಲೇ ನನ್ನ ಕಥೆ ಎದುರಾಯಿತು. ಕುರುಕ್ಷೇತ್ರದಲ್ಲಿ ಜನಮೇಜಯ ಯಾಗ ಮಾಡುತ್ತಿದ್ದಾನೆ. ಸರಮೆ ಎಂಬ ದೇವಲೋಕದ ನಾಯಿಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಬಡಿದು ಅಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಹತ್ತಿರ ಹೋಗಿ, ನಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ. ಸರಮೆ ಯಾಗಶಾಲೆಗೇ ಬಂದು ನ್ಯಾಯ ಕೇಳುತ್ತಾಳೆ. ಯಾರೂ ಉತ್ತರಿಸುವುದಿಲ್ಲ. ಕಾಣದ ಭಯವೊಂದು ನಿಮ್ಮನ್ನು ಹಿಡಿಯಲಿ ಎಂದು ಶಪಿಸಿ ಹೋಗುತ್ತಾಳೆ. ಎಷ್ಟು ಸರಿಯಾದ ಶಾಪ! ಸಿಕ್ಕಿಬೀಳುವ ಹೆದರಿಕೆ ಕಣ್ಣಿಗೆ ಕಾಣುವಂಥದು, ಅದು ಕಳೆಯುತ್ತದೆ. ಸಿಕ್ಕಿಬೀಳದೆ ಉಳಿದವನ ಹೆದರಿಕೆಗೆ ಮುಖವಿಲ್ಲ, ಮುಗಿತಾಯವೂ ಇಲ್ಲ.

ಮಹಾಭಾರತದ ಕೊನೆಯ ನಾಯಿಯನ್ನು ಎಲ್ಲರೂ ಬಲ್ಲರು. ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆ ಎಂದ ಧರ್ಮರಾಯನ ಕಥೆಯನ್ನು ಅಜ್ಜಿಯೇ ಹೇಳಿದ್ದಳು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎದೆ ಧಸಕ್ಕೆನ್ನುತ್ತದೆ. ಕಥೆ ಹೇಳುವ ಕ್ರಮದಲ್ಲಿ ಪೆಟ್ಟು ತಿಂದ ಮರಿ ಮೊದಲು ಬರುತ್ತದೆ. ಕಾಲದ ಲೆಕ್ಕದಲ್ಲಿ ಅದು ಆಮೇಲಿನದು. ಜನಮೇಜಯ, ಅವನ ತಮ್ಮಂದಿರು ಅರ್ಜುನನ ಮರಿಮಕ್ಕಳು. ಯಾವ ಮನೆತನದ ಹಿರಿಯ ನಾಯಿಗಾಗಿ ಸ್ವರ್ಗವನ್ನೇ ಬೇಡವೆಂದಿದ್ದನೋ, ಅದೇ ಮನೆಯ ಹುಡುಗರು ತಪ್ಪಿಲ್ಲದ ಮರಿಯನ್ನು ಬಡಿದರು. ಸಿಂಹಾಸನ ಇಳಿದು ಬಂತು, ಧರ್ಮ ಬರಲಿಲ್ಲ. ತೋಟ ಗದ್ದೆಗಳ ಹಾಗೆ ಅದನ್ನು ಪಾಲು ಮಾಡಿ ಕೊಡಲು ಬರುವುದಿಲ್ಲ. ಧರ್ಮರಾಯನ ಕಥೆ ಕೇಳಿ ಬೆಳೆದ ನಾನೂ ‘ಕರಿಯ ಬಂದಿತ್ತು’ ಎಂದವನೇ ಅಲ್ಲವೆ? ಪ್ರತಿ ಮಗುವೂ ಅದನ್ನು ಮೊದಲಿನಿಂದ ಕಲಿಯಬೇಕು, ತನ್ನ ಅಂಗಳದ ನಾಯಿಯ ಎದುರಿನಲ್ಲೇ.

ಕಲಿತೆನೆ? ನೌಕರಿಗೆ ಸೇರಿದ ಮೇಲೆ ಒಮ್ಮೆ ಕಚೇರಿಯಲ್ಲಿ ಒಂದು ಕಡತ ಕಾಣೆಯಾಯಿತು. ಮನೆಗೆ ಒಯ್ದು ಮರೆತವನು ನಾನೇ. ಮೇಲಧಿಕಾರಿ ಕೂಗಾಡುವಾಗ ಎಲ್ಲರ ಕಣ್ಣು ಬಾಗಿಲಲ್ಲಿ ನಿಂತಿದ್ದ ದಿನಗೂಲಿಯ ಹುಡುಗನ ಕಡೆ ತಿರುಗಿತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಹುಡುಗ ಏನಾಯಿತೆಂದು ಕತ್ತೆತ್ತಿ ನೋಡಿದ. ಆ ನೋಟ ನನಗೆ ಪರಿಚಯದ್ದು. “ಕಡತ ನನ್ನ ಮನೆಯಲ್ಲಿದೆ ಸಾರ್” ಎಂದೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಹಳೆಯ ಬಾಕಿಯ ಒಂದು ಕಂತು, ಅದೂ ಬೇರೆಯವರ ಖಾತೆಗೆ.

ಕರಿಯ ಸತ್ತಾಗ ನಾನು ಊರಿನಲ್ಲಿರಲಿಲ್ಲ. ಪಿಯುಸಿಗೆಂದು ಪೇಟೆಯ ಹಾಸ್ಟೆಲ್ ಸೇರಿದ್ದೆ. ಅಪ್ಪನ ಇನ್‌ಲ್ಯಾಂಡ್ ಪತ್ರದಲ್ಲಿ ಅಡಕೆ ರೇಟು, ಅಜ್ಜಿಯ ಮಂಡಿನೋವಿನ ನಡುವೆ ಒಂದು ಸಾಲು: ‘ಕರಿಯ ಹೋಯಿತು, ತೋಟದ ಮೂಲೆಯಲ್ಲಿ ಹುಗಿದೆವು.’ ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ನಮ್ಮ ಬಾಲ್ಯ ಮುಗಿಯುವುದರೊಳಗೆ ಅದರ ಇಡೀ ಬದುಕು ಮುಗಿದಿರುತ್ತದೆ. ತಪ್ಪೊಪ್ಪಿಕೊಳ್ಳುವಷ್ಟು ನಾವು ದೊಡ್ಡವರಾಗುವ ಹೊತ್ತಿಗೆ ಕೇಳಲು ಅದು ಇರುವುದಿಲ್ಲ.

ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ಯೋಧ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಹಂದಿಯ ಮೇಲೆ ಬಿದ್ದ ನಾಯಿಯ ಚಿತ್ರ ಕಲ್ಲಿನಲ್ಲಿ ಇನ್ನೂ ಇದೆ. ಬಾಯಿಲ್ಲದ ಜೀವದ ಪರವಾಗಿ ಯಾರೋ ಅಕ್ಷರದಲ್ಲಿ ಸಾಕ್ಷಿ ಹೇಳಿದ್ದಾರೆ, ಸಾವಿರ ವರ್ಷ ಕಳೆದರೂ ಆ ಸಾಕ್ಷಿ ಅಳಿಸಿಲ್ಲ.

ನಮ್ಮ ಕರಿಯ ಯಾವ ಹಂದಿಯನ್ನೂ ಕೊಂದಿರಲಿಲ್ಲ. ಅದನ್ನು ಹುಗಿದ ಜಾಗವೂ ಈಗ ಗುರುತು ಸಿಕ್ಕುವುದಿಲ್ಲ. ಅಜ್ಜಿ ಇಲ್ಲ, ದೊಡ್ಡಪ್ಪನೂ ಇಲ್ಲ. ಅದರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುವುದಾದರೆ ನಾನು ಬರೆಸಬೇಕಾದ ಸಾಲು ಒಂದೇ: ಆ ಚೌತಿಯ ದಿನ ಚಕ್ಕುಲಿ ತಿಂದದ್ದು ಕರಿಯ ಅಲ್ಲ.