ಹೂವು ಬಿಟ್ಟ ದಿನ ಬಂದವನ ಪಾಲೆಷ್ಟು?

ಬೆಟ್ಟ ಹತ್ತುವ ಭಕ್ತಾದಿಗಳ ಕೈಯಲ್ಲಿ ದಾರಿಬದಿಯ ಕಾಡುಹೂವಿನ ಒಂದೆರಡು ಗೊಂಚಲು ಇರುವುದು ಸಾಮಾನ್ಯ. ದೇವರಿಗೆಂದೇ ಕಿತ್ತದ್ದು, ಅದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ ಹೌದು. ಆದರೆ ಉತ್ತರ ಹೇಳುವ ಮೊದಲು ಮರುಭೂಮಿಯ ಹೂವಿನ ಸಂಗತಿ ತಿಳಿದಿರಬೇಕು.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಟಕಾಮ ಎಂಬ ಮರುಭೂಮಿಯಿದೆ. ಪ್ರಪಂಚದಲ್ಲೇ ಅತ್ಯಂತ ಒಣ ಜಾಗಗಳಲ್ಲಿ ಅದೂ ಒಂದು. ವರ್ಷಗಟ್ಟಲೆ ಅಲ್ಲಿ ಮಣ್ಣು, ಕಲ್ಲು, ಬಿಸಿಲು ಅಷ್ಟೇ. ಎಲ್ಲೋ ಕೆಲವು ವರ್ಷಕ್ಕೊಮ್ಮೆ ಒಳ್ಳೇ ಮಳೆ ಬಿತ್ತೆನ್ನಿ, ಅದರ ದಕ್ಷಿಣದ ಅಂಚಿನ ನೆಲವೆಲ್ಲ ಗುಲಾಬಿ, ಹಳದಿ, ಬಿಳಿ ಹೂವಿನಿಂದ ತುಂಬಿಬಿಡುತ್ತದೆ. 2015ರಲ್ಲಿ ಹಾಗಾಯಿತು, 2017ರಲ್ಲಿ ಮತ್ತೆ ಆಯಿತು. ನೋಡಿದವರು ಪವಾಡ ಅಂದರು. ಆದರೆ ಬೀಜ ಎಲ್ಲಿಂದಲೋ ಬಂದದ್ದಲ್ಲ. ಅದೇ ಮಣ್ಣಿನಲ್ಲಿ ಇತ್ತು.

ಆ ಬೀಜದ ವಿವೇಕ ಸಣ್ಣದಲ್ಲ. ಮರುಭೂಮಿಯ ಅನೇಕ ಗಿಡಗಳ ಬೀಜದ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ಒಂದು ರಸವಿರುತ್ತದೆ. ನಾಲ್ಕು ಹನಿ ತುಂತುರಿಗೆ ಅದು ತೊಳೆದು ಹೋಗುವುದಿಲ್ಲ. ನೆಲ ಚೆನ್ನಾಗಿ ನೆನೆಯುವ ಮಳೆಯೇ ಬೇಕು. ಇಲ್ಲದಿದ್ದರೆ ಸುಳ್ಳು ಮಳೆಗೆ ಮೊಳೆತು ಒಣಗಿ ಹೋಗುತ್ತಿತ್ತು. ಇನ್ನೂ ವಿಚಿತ್ರ ಏನೆಂದರೆ, ಒಳ್ಳೇ ಮಳೆ ಬಂದರೂ ಎಲ್ಲ ಬೀಜಗಳೂ ಏಳುವುದಿಲ್ಲ. ಒಂದಷ್ಟು ಹಾಗೇ ಮಲಗಿರುತ್ತವೆ. ಎದ್ದವು ಸೋತರೆ ವಂಶ ಉಳಿಯಬೇಕಲ್ಲ! ಎದ್ದ ಗಿಡಕ್ಕೂ ಪುರುಸೊತ್ತಿಲ್ಲ. ನೆಲದ ತೇವ ಆರುವುದರೊಳಗೆ ಹೂ ಬಿಟ್ಟು, ಬೀಜ ಕಟ್ಟಿ, ಉದುರಿಸಿ, ಸಾಯಬೇಕು.

ಅಂಥ ಹೂವನ್ನು ಕಿತ್ತರೆ ಕಿತ್ತದ್ದು ಬರೀ ಹೂವಲ್ಲ, ಮುಂದಿನ ಮಳೆಗೆ ಕಾಯಬೇಕಾದ ಬೀಜ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೇಕ್ ಎಲ್ಸಿನೋರ್ ಎಂಬ ಊರಿದೆ. 2019ರಲ್ಲಿ ಮಳೆ ಚೆನ್ನಾಗಿ ಆಗಿ ಅಲ್ಲಿನ ಗುಡ್ಡಗಳೆಲ್ಲ ಗಸಗಸೆ ಜಾತಿಯ ಕಿತ್ತಳೆ ಹೂವಿನಿಂದ ತುಂಬಿದವು. ಜನ ಜಾತ್ರೆಯಂತೆ ನುಗ್ಗಿದರು. ಫೋಟೋಗಾಗಿ ಹೂವಿನ ಮೇಲೇ ಕೂತರು, ಮಲಗಿದರು. 2023ರಲ್ಲಿ ಮತ್ತೆ ಹೂ ಬಂದಾಗ ಊರಿನವರು ಆ ಕಣಿವೆಯನ್ನೇ ಮುಚ್ಚಿಬಿಟ್ಟರು. ಅವರೆಲ್ಲ ಕೆಟ್ಟ ಜನರೇನಲ್ಲ. ಹೂವು ಇಷ್ಟವೆಂದೇ ಬಂದವರು. ಇಷ್ಟಪಟ್ಟವರಿಂದಲೇ ಹಾಳಾಯಿತು ಎಂಬುದೇ ಯೋಚಿಸಬೇಕಾದ ಮಾತು.

ಅಷ್ಟು ದೂರ ಯಾಕೆ, ನಮ್ಮ ಚಂದ್ರದ್ರೋಣ ಗಿರಿಗಳಲ್ಲೇ 2022ರಲ್ಲಿ ಕುರಿಂಜಿ ಅರಳಿತು. ಅಲ್ಲಿ ಮಳೆಗೆ ಬರವಿಲ್ಲ, ಕಾಯುವುದು ಮಾತ್ರ ಉಂಟು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಡುವ ಗಿಡ. ಒಮ್ಮೆ ಬಿಟ್ಟರೆ ಮುಗಿಯಿತು, ಬೀಜ ಉದುರಿಸಿ ಸಾಯುತ್ತದೆ. ಒಂದು ಕೈ ಅದನ್ನು ಮುರಿಯಲು ಒಂದು ಕ್ಷಣ ಸಾಕು.

ಒಬ್ಬರು ಒಂದು ಹೂ ಕಿತ್ತರೆ ಏನಾದೀತು ಎನ್ನುವವರಿದ್ದಾರೆ. ಬೆಟ್ಟಕ್ಕೆ ಒಬ್ಬರೇ ಬರುವುದಾದರೆ ಆ ಮಾತು ಸರಿ.

ಹಾಸನದ ಶೆಟ್ಟಿಹಳ್ಳಿಯನ್ನು ಕಂಡವರಿಗೆ ಇದು ಇನ್ನೊಂದು ರೀತಿಯಲ್ಲಿ ಅರ್ಥವಾದೀತು. ಗೊರೂರಿನ ಹೇಮಾವತಿ ಅಣೆಕಟ್ಟೆಗಾಗಿ ಅಲ್ಲಿನ ಜನ ಹೊಲ ಮನೆ ಬಿಟ್ಟು ಹೋದರು. ಹಳೆಯ ಚರ್ಚಿನ ಗೋಡೆಗಳು ಮಾತ್ರ ಉಳಿದವು. ಮಳೆಗಾಲದಲ್ಲಿ ನೀರು ಅದರ ನೆಲವನ್ನು ಮುಚ್ಚುತ್ತದೆ, ಬೇಸಿಗೆಯಲ್ಲಿ ನೆಲ ಮತ್ತೆ ಕಾಣುತ್ತದೆ. ಅಲ್ಲಿ ನಿಂತ ನೀರೇ ಕಾಲುವೆ ಹಿಡಿದು ತುಮಕೂರು, ಮಂಡ್ಯ ಜಿಲ್ಲೆಗಳ ಒಣ ನೆಲಕ್ಕೂ ಹೋಗುತ್ತದೆ. ಆ ಹೊಲದಲ್ಲಿ ಹಸಿರು ಕಂಡು ಸಂತೋಷಪಡುವವನು ಬಿಟ್ಟುಹೋದವರ ಮುಖ ಕಂಡವನಲ್ಲ. ಅವನು ಪೈರನ್ನು ಕೊಯ್ಯಬಾರದು ಎಂದಲ್ಲ, ಬೆಳೆದದ್ದು ಅವನೇ. ಆದರೆ ನೀರಿನಲ್ಲಿ ಇನ್ನೊಬ್ಬರ ಪಾಲಿದೆ.

ಕಾಡುಹೂವಿನ ವಿಷಯದಲ್ಲಿ ಬಂದವನು ಬೆಳೆದವನೂ ಅಲ್ಲ. ಕಾದದ್ದು ಬೀಜ, ನೆನೆಸಿದ್ದು ಮಳೆ. ಅವನು ಮಾಡಿದ್ದು ಸರಿಯಾದ ದಿನ ಬಂದದ್ದು. ಹಾಗಾದರೆ ಪೂಜೆಗೆ ಹೂವೇ ಬೇಡವೇ? ಮನೆಯ ಹಿತ್ತಲಲ್ಲಿ ನೀರು ಹಾಕಿ ಬೆಳೆದ ಕನಕಾಂಬರ, ದಾಸವಾಳ ಇಲ್ಲವೇ? ನೆಲಕ್ಕೆ ಬಿದ್ದ ಹೂವು ಪೂಜೆಗೆ ಆಗದು ಎನ್ನುವ ಹಿರಿಯರೇ ಪಾರಿಜಾತಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ. ಬೆಳಿಗ್ಗೆ ಮರದ ಕೆಳಗೆ ತಾನಾಗಿ ಉದುರಿದ್ದನ್ನು ಆಯ್ದುಕೊಂಡರೆ ಆಯಿತು.