ಶಾಸ್ತ್ರಗಳು ಭಿನ್ನವಾಗಿ ನುಡಿದಾಗ

ಹಿಂದೂಗಳ ಪವಿತ್ರ ಗ್ರಂಥ ಯಾವುದೆಂದು ಯಾರಾದರೂ ಕೇಳಿದರೆ ನಾವು ಒಂದೇ ಹೆಸರನ್ನು ಹೇಳಲಾರೆವು. ಗೀತೆಯೆಂದರೆ ವೇದ ಹೊರಗುಳಿಯುತ್ತದೆ. ವೇದವೆಂದರೆ ಮನೆಮನೆಯ ರಾಮಾಯಣ, ಭಾರತಗಳು ಹೊರಗುಳಿಯುತ್ತವೆ. ನಮ್ಮದು ಒಂದು ಗ್ರಂಥವಲ್ಲ, ಒಂದು ಭಂಡಾರ. ಅದರ ಸ್ಥೂಲ ಪರಿಚಯ ಮಾಡಿಕೊಂಡು, ಅದರಿಂದಲೇ ಏಳುವ ಪ್ರಶ್ನೆಯೊಂದನ್ನು ಸಂಘದ ಬಂಧುಗಳ ಮುಂದಿಡುತ್ತೇವೆ: ಈ ಗ್ರಂಥಗಳು ಒಂದೇ ಮಾತನ್ನು ಹೇಳದಿದ್ದಾಗ ಯಾವುದನ್ನು ಧರ್ಮವೆಂದು ಹಿಡಿಯಬೇಕು?

ಹಿರಿಯರು ಈ ಭಂಡಾರವನ್ನು ಶ್ರುತಿ, ಸ್ಮೃತಿ ಎಂದು ಎರಡಾಗಿ ವಿಂಗಡಿಸಿದ್ದಾರೆ. ಶ್ರುತಿಯೆಂದರೆ ಕೇಳಿದ್ದು, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದು ಬಂದದ್ದು. ಋಕ್, ಯಜುಸ್, ಸಾಮ, ಅಥರ್ವಗಳೆಂಬ 4 ವೇದಗಳೂ ಅವುಗಳ ಬ್ರಾಹ್ಮಣ, ಆರಣ್ಯಕ, ಉಪನಿಷತ್ತುಗಳೂ ಶ್ರುತಿಯೇ. ಋಗ್ವೇದವೊಂದರಲ್ಲೇ 10 ಮಂಡಲಗಳು, 1028 ಸೂಕ್ತಗಳಿವೆ. ಸ್ಮೃತಿಯೆಂದರೆ ನೆನಪಿನಲ್ಲಿ ಉಳಿದದ್ದು. ಮನು, ಯಾಜ್ಞವಲ್ಕ್ಯರ ಧರ್ಮಶಾಸ್ತ್ರಗಳು, 7 ಕಾಂಡಗಳ ರಾಮಾಯಣ, 18 ಪರ್ವಗಳ ಮಹಾಭಾರತ, 18 ಮಹಾಪುರಾಣಗಳು ಇದರಲ್ಲಿ ಸೇರುತ್ತವೆ. 700 ಶ್ಲೋಕಗಳ ಭಗವದ್ಗೀತೆ ಭಾರತದ ಭೀಷ್ಮಪರ್ವದ ಒಂದು ಭಾಗ.

ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಪ್ರಮಾಣವೆಂಬುದು ಸಂಪ್ರದಾಯದ ನಿಯಮ. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿಯು ತುಂಬಿದ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ಪ್ರಶ್ನಿಸುತ್ತಾಳೆ. ಮೈತ್ರೇಯಿ ಸಂಪತ್ತನ್ನು ಬದಿಗಿರಿಸಿ ಅಮೃತತ್ವವನ್ನು ಕೇಳುತ್ತಾಳೆ. ಮುಂದಿನ ಧರ್ಮಶಾಸ್ತ್ರಗಳಾದರೋ ಸ್ತ್ರೀಯರಿಗೂ ಶೂದ್ರರಿಗೂ ವೇದಾಧ್ಯಯನದ ಬಾಗಿಲನ್ನು ಮುಚ್ಚಿದವು. ಇದನ್ನು ಮರೆಮಾಚಿ ಗ್ರಂಥಗಳನ್ನು ಹೊಗಳುವುದು ಭಕ್ತಿಯಲ್ಲ. ಮುಚ್ಚಿದ ಬಾಗಿಲಿನ ಹೊರಗೆ ನಿಂತವರು ನಮ್ಮ ಹಿರಿಯರಲ್ಲಿಯೂ ಇದ್ದರು.

ಇದಕ್ಕೆ ಪರಿಹಾರದ ದಾರಿಯನ್ನೂ ಗ್ರಂಥಗಳೇ ತೋರಿವೆ. ಮನುಸ್ಮೃತಿಯೇ ಧರ್ಮಕ್ಕೆ ವೇದ, ಸ್ಮೃತಿ, ಸದಾಚಾರಗಳ ಜೊತೆಗೆ ಆತ್ಮತುಷ್ಟಿಯನ್ನೂ, ಎಂದರೆ ಅಂತರಂಗದ ಒಪ್ಪಿಗೆಯನ್ನೂ ಆಧಾರವೆಂದು ಎಣಿಸಿದೆ. ಮುಂಡಕೋಪನಿಷತ್ತು ನಾಲ್ಕು ವೇದಗಳನ್ನೂ ಅಪರಾ ವಿದ್ಯೆಯಲ್ಲಿ ಸೇರಿಸಿ, ಅಕ್ಷರತತ್ತ್ವವನ್ನು ತಿಳಿಸುವುದೇ ಪರಾ ವಿದ್ಯೆಯೆನ್ನುತ್ತದೆ. ತನಗಿಂತ ಮೇಲಿನದೊಂದಿದೆ ಎಂದು ತಾನೇ ಹೇಳಬಲ್ಲ ಶಾಸ್ತ್ರದ ದೊಡ್ಡತನವನ್ನು ಗಮನಿಸಬೇಕು. ಭಾರತದ ವನಪರ್ವದಲ್ಲಿ ವೇದ ಓದಿದ ಕೌಶಿಕನು ಧರ್ಮವನ್ನು ಕಲಿಯುವುದು ಮಿಥಿಲೆಯಲ್ಲಿ ಮಾಂಸ ಮಾರುವ ವ್ಯಾಧನಿಂದ. ಆ ವ್ಯಾಧನ ಹಿರಿಮೆಯೆಲ್ಲ ಸತ್ಯದಲ್ಲಿಯೂ ತಂದೆತಾಯಿಯರ ಸೇವೆಯಲ್ಲಿಯೂ ಇತ್ತು.

ಕನ್ನಡ ನಾಡು ಈ ದಾರಿಯನ್ನು ಅಗಲಗೊಳಿಸಿತು. 12ನೆಯ ಶತಮಾನದ ಶರಣರು ಅನುಭಾವವನ್ನು ಜನರ ನುಡಿಯಲ್ಲಿ ನುಡಿದರು. 14ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದರು. ಕುಮಾರವ್ಯಾಸನು ಭಾರತದ ಮೊದಲ 10 ಪರ್ವಗಳನ್ನು ಕನ್ನಡಿಗರ ಕಿವಿಗೆ ತಂದನು. ಓದಲು ಬಾರದವರೂ ಗಮಕಿಯ ಬಾಯಲ್ಲಿ ಅದನ್ನು ಕೇಳಿದರು. ನಮ್ಮ ಕಾಲದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ವೂ ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ವೂ ಇದೇ ಕೆಲಸವನ್ನು ಮುಂದುವರಿಸಿದವು.

ಇನ್ನು ನಮ್ಮ ಗೂಡಲೂರಿನ ಮಾತು. ಕಾಡು ದಾಟಿದರೆ ಗುಂಡ್ಲುಪೇಟೆ, ನಾಡುಕಾಣಿ ಘಟ್ಟವಿಳಿದರೆ ನಿಲಂಬೂರು. ಮೂರು ನುಡಿಗಳ ನಡುವೆ ನಮ್ಮ ಬಾಳು. ನಮ್ಮ ಮೊಮ್ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡಬಲ್ಲರು, ಓದಲಾರರು. ದೇವರ ಗೂಡಿನಲ್ಲಿ ರೇಷ್ಮೆ ಬಟ್ಟೆ ಸುತ್ತಿಟ್ಟ ಗ್ರಂಥಕ್ಕೆ ಅರಿಶಿನ ಕುಂಕುಮ ಸಲ್ಲುತ್ತದೆ. ಅರ್ಥ ಮಾತ್ರ ಯಾರ ಕಿವಿಗೂ ಬೀಳದು. ಮಕ್ಕಳಿಗೆ ಅಕ್ಷರ ಬರುವವರೆಗೆ ಕಾಯಬೇಕಾಗಿಲ್ಲ. ಶ್ರುತಿಯೆಂಬ ಹೆಸರೇ ಹೇಳುವಂತೆ, ಅಜ್ಜ ಅಜ್ಜಿಯರ ಬಾಯಿಂದ ಕಥೆ ಕೇಳಿಸಿದರೂ ಆದೀತು. ಅಕ್ಷರ ಕಲಿಸುವ ಹೊಣೆ ಅದರ ಜೊತೆಗೇ ಸಾಗಲಿ.

ಆದರೆ ಧರ್ಮವ್ಯಾಧನ ಕಥೆಯನ್ನು ಹೇಳಿದ ಮನೆಯಲ್ಲಿ, ಕೆಲಸಕ್ಕೆ ಬಂದ ಪಣಿಯರ ಹೆಂಗಸಿಗೆ ಬೇರೆ ಲೋಟವನ್ನು ಇಟ್ಟರೆ ಮಗು ಎರಡರಲ್ಲಿ ಯಾವುದನ್ನು ಕಲಿಯುತ್ತದೆ? ಖಂಡಿತವಾಗಿಯೂ ಲೋಟವನ್ನು. ಸದಾಚಾರವನ್ನು ಹಿರಿಯರು ಧರ್ಮದ ಆಧಾರಗಳಲ್ಲಿ ಸೇರಿಸಿದ್ದು ಇದಕ್ಕಾಗಿಯೇ ಇರಬೇಕು. ಶಾಸ್ತ್ರಗಳು ಭಿನ್ನವಾಗಿ ನುಡಿದಲ್ಲಿ, ಎದುರಿನ ಮನುಷ್ಯನನ್ನು ಕುಗ್ಗಿಸದ ಮಾತನ್ನು ಹಿಡಿಯೋಣ. ಗೀತೆಯ ಕೊನೆಯಲ್ಲಿ ಶ್ರೀಕೃಷ್ಣನೂ ಅರ್ಜುನನಿಗೆ, ಎಲ್ಲವನ್ನೂ ವಿಮರ್ಶಿಸಿ ಇಷ್ಟವಾದಂತೆ ನಡೆ ಎಂದೇ ಹೇಳಿದನು. ಆ ವಿಮರ್ಶೆಯ ಹೊಣೆಯನ್ನು ಯಾವ ಗ್ರಂಥವೂ ನಮ್ಮಿಂದ ಇಳಿಸಿಕೊಳ್ಳುವುದಿಲ್ಲ.