ಊರುಗೋಲೂ ಅನುಗ್ರಹವೇ

ಶ್ರೀಹರಿವಾಯುಗುರುಗಳ ಕೃಪೆಯಿಂದ ಮಾಘಮಾಸವು ಸಮೀಪಿಸುತ್ತಿದೆ. ಅರುಣೋದಯದಲ್ಲಿ ನದೀಸ್ನಾನ ಮಾಡಿ ಮಾಸನಿಯಾಮಕನಾದ ಶ್ರೀಮಾಧವನನ್ನು ಅರ್ಚಿಸುವ ಈ ಪುಣ್ಯಕಾಲವನ್ನು ಶಿವಮೊಗ್ಗದ ತುಂಗಾತೀರದಲ್ಲಿಯೂ ಭದ್ರಾವತಿಯ ಭದ್ರಾತೀರದಲ್ಲಿಯೂ ಆಸ್ತಿಕರು ಎದುರುನೋಡುತ್ತಾರೆ. ಆದರೆ ವರ್ಷವರ್ಷವೂ ಸ್ನಾನಘಟ್ಟದ ಮೆಟ್ಟಿಲುಗಳಲ್ಲಿ ಒಂದೆರಡು ಪರಿಚಿತ ಮುಖಗಳು ಕಾಣದಾಗುತ್ತವೆ. ವಿಚಾರಿಸಿದರೆ, "ಮೊಣಕಾಲು ಮಾತು ಕೇಳುವುದಿಲ್ಲ, ನಮ್ಮ ಮಾಘಸ್ನಾನ ಮುಗಿಯಿತು" ಎಂಬ ಉತ್ತರ ಬರುತ್ತದೆ. ಈ "ಮುಗಿಯಿತು" ಎಂಬ ಮಾತನ್ನು ಕುರಿತು ಸಜ್ಜನರೊಡನೆ ಕೊಂಚ ವಿಚಾರ ಮಾಡಲು ಇಚ್ಛಿಸುತ್ತೇವೆ.

ಶಿವಮೊಗ್ಗದಲ್ಲಿ ಎಂಬತ್ತರ ಸಮೀಪದ ತಾಯಿಯೊಬ್ಬರನ್ನು ನಾವು ಬಲ್ಲೆವು. ಬೆಳಗಿನ ಜಾವ ಮಡಿನೀರಿಗೆಂದು ಬಚ್ಚಲುಮನೆಗೆ ಹೋದವರು ಎರಡು ಬಾರಿ ಜಾರಿದ್ದರು. ಮಗನಿಗಾಗಲಿ ಸೊಸೆಗಾಗಲಿ ಹೇಳಲಿಲ್ಲ. ಹೇಳಿದರೆ ಮಡಿಯನ್ನೇ ಬಿಡಿಸಿಬಿಡುತ್ತಾರೆಂಬ ಭಯ. ರಾತ್ರಿ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ಮೂರನೆಯ ಬಾರಿ ಬಿದ್ದಾಗ ಮಣಿಕಟ್ಟು ಮುರಿಯಿತು. ನೋಡಲು ಹೋದ ನಮ್ಮೊಡನೆ ಅವರು ನೋವಿನ ಮಾತನ್ನಾಡಲಿಲ್ಲ. "ಇನ್ನು ನಾನು ಪರಾಧೀನಳಾದೆ" ಎಂದು ಕಣ್ಣೀರು ತಂದುಕೊಂಡರು.

ಆ ತಾಯಿಯ ದುಃಖ ಸಹಜವೇ. ಆದರೂ ಆಚಾರ್ಯರ ಅನುಯಾಯಿಗಳಾದ ನಾವು ಇಲ್ಲಿ ನಿಂತು ಯೋಚಿಸಬೇಕು. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಸ್ವತಂತ್ರ, ಅಸ್ವತಂತ್ರ ಎಂದು ತತ್ತ್ವವನ್ನು ಎರಡಾಗಿ ವಿಂಗಡಿಸಿದರು. ಸ್ವತಂತ್ರನು ಶ್ರೀವಿಷ್ಣುವೊಬ್ಬನೇ. ಹಾಗಾದರೆ ಇಪ್ಪತ್ತರ ಹರೆಯದಲ್ಲಿ ಮೆಟ್ಟಿಲುಗಳನ್ನು ಓಡಿ ಹತ್ತಿದಾಗ ನಾವು ಸ್ವತಂತ್ರರಾಗಿದ್ದೆವೇ? ಅಂದೂ ಕಾಲಿನಲ್ಲಿ ನಿಂತು ನಡೆಸಿದವನು ಅವನೇ. ವೃದ್ಧಾಪ್ಯವು ನಮ್ಮನ್ನು ಹೊಸದಾಗಿ ಪರಾಧೀನರನ್ನಾಗಿ ಮಾಡುವುದಿಲ್ಲ. ಎಂದಿನಿಂದಲೂ ಇದ್ದ ಅಧೀನತೆಯನ್ನು ಕಣ್ಣಿಗೆ ಕಾಣಿಸುತ್ತದೆ, ಅಷ್ಟೆ. ಅಂದು ಕಾಲಿನ ಬಲವನ್ನು ಕೊಟ್ಟವನು ಇಂದು ಊರುಗೋಲನ್ನು ಕೊಟ್ಟಿದ್ದಾನೆ. ಮೊದಲನೆಯದು ಅನುಗ್ರಹ, ಎರಡನೆಯದು ಅವಮಾನ ಎನ್ನುವುದು ಸಿದ್ಧಾಂತಕ್ಕೆ ಒಪ್ಪುವ ಮಾತಲ್ಲ.

ಶಾಸ್ತ್ರವೂ ದೇಹದ ಶಕ್ತಿಯನ್ನು ನೋಡಿಯೇ ವಿಧಿಸುತ್ತದೆ. ಸ್ನಾನವನ್ನೇ ನೋಡಿರಿ. ನೀರಿನಲ್ಲಿ ಮುಳುಗುವ ವಾರುಣಸ್ನಾನವೊಂದನ್ನೇ ಹೇಳದೆ, ಅಶಕ್ತರಿಗಾಗಿ ಮಂತ್ರಸ್ನಾನ, ಮಾನಸಸ್ನಾನ ಮೊದಲಾದವುಗಳನ್ನು ಸ್ಮೃತಿಗಳು ಹೇಳಿವೆ. ಔಷಧಸೇವನೆಯಿಂದ ವ್ರತಕ್ಕೆ ಭಂಗವಿಲ್ಲವೆಂಬುದು ಮಹಾಭಾರತದ ವಿದುರನೀತಿ. ಶಕ್ತಿಯಿರುವವನು ಸೋಮಾರಿತನದಿಂದ ಇವುಗಳ ಮರೆಹೊಕ್ಕರೆ ದೋಷ. ಶಕ್ತಿ ಕುಂದಿದವನು ಇವುಗಳನ್ನು ಆಶ್ರಯಿಸಿದರೆ ಅದು ಆಚಾರಲೋಪವಲ್ಲ, ಆಚಾರವೇ.

ಆಶ್ರಮವಾಸಿಕಪರ್ವದಲ್ಲಿ ಹಸ್ತಿನಾವತಿಯನ್ನು ಬಿಟ್ಟು ಹೊರಟ ಮೂವರು ವೃದ್ಧರನ್ನು ಸ್ಮರಿಸೋಣ. ಮುಂದೆ ಕುಂತಿ. ಅವಳ ಹೆಗಲಿನ ಮೇಲೆ ಕಣ್ಣು ಕಟ್ಟಿಕೊಂಡ ಗಾಂಧಾರಿಯ ಕೈ. ಗಾಂಧಾರಿಯ ಹೆಗಲಿನ ಮೇಲೆ ಧೃತರಾಷ್ಟ್ರನ ಕೈ. ಒಂದು ಕಾಲಕ್ಕೆ ಭೂಮಂಡಲವೇ ತನ್ನ ಮಕ್ಕಳದೆಂದು ಭಾವಿಸಿದ್ದ ಅರಸನು ಒಂದು ಹೆಗಲನ್ನು ನಂಬಿ ಹೆಜ್ಜೆಯಿಟ್ಟನು. ಹಾಗೆ ನಡೆದುದರಿಂದಲೇ ಅವರಿಗೆ ತಪಸ್ಸಿನ ದಾರಿ ಸಾಗಿತು.

ಭದ್ರಾವತಿಯ ಹಿರಿಯರಿಗೆ ಇದು ಇನ್ನೂ ಸುಲಭವಾಗಿ ತಿಳಿಯಬೇಕು. 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅನೇಕ ಕುಟುಂಬಗಳು ಆ ಊರಿನಲ್ಲಿವೆ. ಕುಲುಮೆಯ ಬಳಿಯ ಮೆಟ್ಟಿಲೇರುವಾಗ ಕಂಬಿ ಹಿಡಿಯುವುದನ್ನು ಯಾರೂ ಹೇಡಿತನವೆನ್ನಲಿಲ್ಲ, ಶಿಸ್ತೆಂದರು. ಹಾಗಿರುವಾಗ ಅದೇ ಕೈ ಮನೆಯ ಬಚ್ಚಲಿನಲ್ಲಿ ಕಂಬಿ ಹಿಡಿಯಲು ನಾಚುವುದೇಕೆ?

ಈಗ ಗೃಹಸ್ಥರು ಮಾಡಬಹುದಾದುದನ್ನು ಹೇಳುತ್ತೇವೆ. ಬಚ್ಚಲಿನ ನೆಲ ನುಣುಪಾಗಿರದೆ ಒರಟಾಗಿರಲಿ. ಗೋಡೆಗೆ ಭದ್ರವಾದ ಹಿಡಿಯನ್ನು ಹಾಕಿಸಿರಿ. ಟವೆಲ್ಲಿನ ಸರಳು ಮೈಭಾರವನ್ನು ತಡೆಯದು. ಕುಳಿತು ಸ್ನಾನ ಮಾಡಲು ಅಲುಗಾಡದ ಸ್ಟೂಲನ್ನಿಡಿರಿ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ಹೊಸ್ತಿಲನ್ನು ತೆಗೆಯಲಾಗದು; ಆದರೆ ಅದಕ್ಕೆ ಬಳಿದ ಅರಿಸಿನವು ಮಂದದೃಷ್ಟಿಯವರಿಗೆ ಎಚ್ಚರಿಕೆಯೂ ಆಗುತ್ತದೆ, ಅದನ್ನು ಮಾಸಗೊಡಬೇಡಿರಿ. ಮಡಿಬಟ್ಟೆಯ ಗಳವನ್ನು ಕೈಗೆಟಕುವಷ್ಟು ಇಳಿಸಿರಿ. ತುಂಬಿದ ಕೊಡದ ಬದಲು ತಂಬಿಗೆಯಿರಲಿ. ನೆಲದ ಮೇಲೆ ಕೂರಲಾಗದವರಿಗೆ ದೇವರಮನೆಯ ಬಾಗಿಲಲ್ಲಿ ಎತ್ತರದ ಪೀಠವಿರಲಿ.

ಕಿರಿಯರಿಗೆ ಒಂದು ಮಾತು. ಇವೆಲ್ಲವನ್ನೂ ಹಿರಿಯರನ್ನು ಕೇಳಿ ಮಾಡಿರಿ. ಭದ್ರಾವತಿಯ ಒಂದು ಮನೆಯಲ್ಲಿ ಬೆಂಗಳೂರಿನಿಂದ ಬಂದ ಮಕ್ಕಳು ಒಳ್ಳೆಯ ಉದ್ದೇಶದಿಂದಲೇ ತಂದೆಯವರ ಮಂಚವನ್ನು ಬಚ್ಚಲಿನ ಪಕ್ಕದ ಕೋಣೆಗೆ ಸಾಗಿಸಿದರು. ಮಂಚದಿಂದ ದೇವರಮನೆಯ ದೀಪ ಕಾಣದಾಯಿತು. ಅವರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಊಟ ಅರ್ಧಕ್ಕಿಳಿಯಿತು. ಮಂಚವನ್ನು ಮತ್ತೆ ದೀಪ ಕಾಣುವೆಡೆಗೆ ತಂದು, ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಕಂಬಿ ಹಾಕಿಸಿದ ಮೇಲೆ ಮನೆ ಮೊದಲಿನಂತಾಯಿತು. ಅನ್ನ, ವಸ್ತ್ರ, ವಸತಿ, ಚಿಕಿತ್ಸೆಗಳನ್ನು ತಂದೆತಾಯಿಗಳಿಗೆ ಒದಗಿಸಬೇಕೆಂದು 2007ರ ಕಾಯಿದೆ ಹೇಳುತ್ತದೆ. ಅವರ ಕಣ್ಣು ಯಾವ ದೀಪವನ್ನು ಹುಡುಕುತ್ತದೆಂಬುದನ್ನು ಕಾಯಿದೆ ಹೇಳಲಾರದು. ಮಕ್ಕಳೇ ಕೇಳಿ ತಿಳಿಯಬೇಕು. ಹಾಗೆಯೇ ಹಿರಿಯರ ಕೈಕೆಲಸವನ್ನೆಲ್ಲ ಕಸಿದುಕೊಳ್ಳಬೇಡಿರಿ. ಹೂಬತ್ತಿ ಹೊಸೆಯುವ, ತುಲಸಿ ಬಿಡಿಸುವ ಸೇವೆ ಕೈಲಾಗುವವರೆಗೂ ಅವರದಾಗಿರಲಿ.

ಹಿರಿಯರಿಗೂ ಒಂದು ಪ್ರಾರ್ಥನೆ. ಜಾರಿದುದನ್ನು ಮುಚ್ಚಿಡಬೇಡಿರಿ. ಕೇಳಿ ಪಡೆದ ನೆರವಿನಿಂದ ಸಾಧನೆ ಕುಗ್ಗುವುದಿಲ್ಲ. ಮುಚ್ಚಿಟ್ಟ ನೋವಿನಿಂದ ಕುಗ್ಗುತ್ತದೆ.

ಮೊದಲು ಹೇಳಿದ ಆ ತಾಯಿ ಕಳೆದ ಮಾಘದಲ್ಲಿ ನದಿಗೆ ಹೋಗಲಿಲ್ಲ. ಮೊಮ್ಮಗನು ತಂಬಿಗೆಯಲ್ಲಿ ತುಂಗೆಯ ನೀರನ್ನು ತಂದು ಬಿಸಿನೀರಿಗೆ ಬೆರೆಸಿದನು. ಸ್ಟೂಲಿನ ಮೇಲೆ ಕುಳಿತು, ಒಂದು ಕೈಯಲ್ಲಿ ಗೋಡೆಯ ಹಿಡಿಯನ್ನು ಹಿಡಿದು, ಸಂಕಲ್ಪವನ್ನು ಗಟ್ಟಿಯಾಗಿ ಹೇಳಿ ಅವರು ಸ್ನಾನ ಮಾಡಿದರು. ಅವರ ಮಾಘಸ್ನಾನ ಮುಗಿದಿಲ್ಲ. ನಮ್ಮ ನಿಮ್ಮ ಮನೆಗಳ ಹಿರಿಯರದೂ ಮುಗಿಯದಿರಲೆಂದು ಶ್ರೀಮಾಧವನನ್ನು ಬೇಡುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥